ಕೆಳಗಿನ ಮನೆಯ ತಂಪು

ಮತ್ತೆ ಹನಿ ಬಿತ್ತು, ದರ್ಜಿಯವರ ಕೊರಳಿಗೆ ಸುತ್ತಿದ ಒದ್ದೆ ಬಟ್ಟೆಯ ತುದಿಯಿಂದ ಕಲ್ಲಿನ ನೆಲಕ್ಕೆ, ಬಿದ್ದಲ್ಲಿ ಒಂದು ಕಪ್ಪು ಚುಕ್ಕೆ, ನೋಡುತ್ತಿದ್ದ ಹಾಗೇ ಅಂಚಿನಿಂದ ಒಳಗೊಳಗೆ ಒಣಗುತ್ತಾ ಬಂದು ಇಲ್ಲವಾಯಿತು, ಇನ್ನೊಂದು ಹನಿ, ಅದೂ ಹಾಗೇ — ಸರಿಯಾಗಿ ಹಿಂಡಲಿಲ್ಲ ನಾನು, ಮಣಿಕಟ್ಟಿನಲ್ಲಿ ಬಲವೇ ಇಲ್ಲ, ಅಕ್ಕ ನೋಡಿದ್ದರೆ ಬಟ್ಟೆ ಹಿಂಡೋಕೂ ಬರಲ್ಲ ನಿಂಗೆ, ಟೆಲಿಫೋನು ವೈರು ಎಳೆದೂ ಎಳೆದೂ ಕೈಯೇ ವೈರಾಗಿದೆ ಅನ್ನುತ್ತಿದ್ದಳು, ನೋಡಿದ್ದರೆ, ಅನ್ನುತ್ತಿದ್ದಳು, ಈ ವಾರವೆಲ್ಲ ನನ್ನ ಮಾತು ಎಲ್ಲಿಂದ ಹೊರಟರೂ ಹೀಗೆ ಇದ್ದರೆ-ಗಿದ್ದರೆಯ ಹೊಸ್ತಿಲಿಗೆ ಎಡವುತ್ತದೆ. ಅಕ್ಕ ಹೋಗಿ ಇನ್ನೂ ವಾರ ತುಂಬಿಲ್ಲ. ಡಾಕ್ಟರಮ್ಮ ಇವತ್ತು ಬೆಳಿಗ್ಗೆಯೂ ನನ್ನನ್ನು ಬಾಗಿಲಲ್ಲೇ ತಡೆದರು, ಯಾಕಮ್ಮ ಬಂದ್ರಿ, ನಾಲ್ಕು ದಿನ ಮನೇಲಿರಿ, ಇಲ್ಲಿ ನಾವು ನೋಡ್ಕೋತೀವಿ, ನಾನಂದೆ ಮನೇಲಿ ಏನು ಮಾಡ್ಲಿ ಡಾಕ್ಟರಮ್ಮ, ಇಲ್ಲಾದ್ರೆ ಹಿಂಡೋಕೆ ಬಟ್ಟೆ ಇದೆ, ಆಕೆ ಬಕೆಟ್ಟನ್ನು ನನ್ನ ಕಡೆ ಸರಿಸಿದರು, ಒಳ್ಳೆಯ ಹುಡುಗಿ, ನಗರಸಭೆಯ ಡಾಕ್ಟರು ಅಂದರೆ ಬಿಗುಮಾನ ಇರುತ್ತದೆ ಅಂದುಕೊಂಡಿದ್ದೆ, ಇಲ್ಲ, ನೆಲ ಒರೆಸುವುದಕ್ಕೂ ಕೂರುತ್ತಾಳೆ. ಹಳೆಯ ಲೈಬ್ರರಿ ಇದು, ಪುಸ್ತಕಗಳನ್ನೆಲ್ಲ ಹೊಸ ಕಟ್ಟಡಕ್ಕೆ ಸಾಗಿಸಿದ ಮೇಲೆ ಖಾಲಿ ಕಪಾಟುಗಳು, ತೋಳುದ್ದ ದಪ್ಪದ ಕಲ್ಲಿನ ಗೋಡೆ, ಒಳಗೆ ಕಾಲಿಟ್ಟರೆ ಬಾವಿಯೊಳಗೆ ಇಳಿದ ಹಾಗೆ, ಹಳೇ ಪೇಟೆಯ ಮುದುಕರನ್ನೆಲ್ಲ ಮಧ್ಯಾಹ್ನ ಇಲ್ಲಿ ತಂದು ಕೂರಿಸಿದರೆ ಬಿಸಿಲು ಇಳಿಯುವ ತನಕ ಜೀವ ಹಿಡಿದುಕೊಂಡಿರುತ್ತಾರೆ ಅಂತ ಆಕೆಗೇ ಹೊಳೆದದ್ದು, ಕರೆಯುವ ಕೆಲಸ ನನ್ನದು, ಒಬ್ಬೊಬ್ಬರಿಗೂ ಬೆಳಿಗ್ಗೆ ಫೋನು ಮಾಡಿ ನೀರು ಕುಡಿದ್ರಾ ಕಿಟಕಿ ಮುಚ್ಚಿದ್ರಾ ಅಂತ ಕೇಳುವುದು, ಮುದುಕರ ಕಾವಲಿಗೆ ಮುದುಕಿ, ನಿಮ್ಮ ದನಿಗೆ ಜನ ಮಾತು ಕೇಳ್ತಾರೆ ಅಮ್ಮ ಅಂದರು ಡಾಕ್ಟರಮ್ಮ, ಕೇಳದೆ ಏನು, ಆಯುಷ್ಯವೆಲ್ಲ ಟೆಲಿಫೋನು ಎಕ್ಸ್‌ಚೇಂಜಿನಲ್ಲಿ ಕೂತು ಲೈನಿನಲ್ಲೇ ಇರಿ, ಸ್ವಲ್ಪ ತಡೀರಿ, ಮಾತಾಡಿ ಅಂತ ಹೇಳಿದವಳು, ಇಡೀ ಊರು ನನ್ನ ಮಾತು ಕೇಳಿದೆ, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ಮೇಲ್ಮಹಡಿಯಲ್ಲಿದ್ದಳು. ಒಡಹುಟ್ಟಿದ ಅಕ್ಕ ಅಲ್ಲ, ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ, ಅವಳಿಗೆ ನಾನು ಪುಟ್ಟಿ, ಮದುವೆಯಾಗಿ ಬಂದ ದಿನದಿಂದ ಪುಟ್ಟಿ, ಎಪ್ಪತ್ತು ದಾಟಿದೆ ಅಕ್ಕ, ಜನರೆದುರಿಗೆ ಹಾಗೆ ಕರೀಬೇಡಿ ಅಂದರೆ ಸರಿ ಪುಟ್ಟಿ ಅನ್ನುವವಳು. ನಾನು ಬಾಯಲ್ಲಿ ನೀವು ಅನ್ನುತ್ತಿದ್ದೆ, ಹೊಟ್ಟೆಯೊಳಗೆ ಯಾವತ್ತೂ ನೀನು, ಬಹುವಚನ ಅತ್ತೆ ಕಲಿಸಿದ್ದು, ಏಕವಚನ ನಾನೇ ಕಲಿತದ್ದು. ಕೆಳಗಿನ ಮನೆ ನಮಗೆ, ತಗಡಿನ ಮಾಡಿನ ಕೆಳಗಿನ ಮೇಲ್ಮಹಡಿ ಅವರಿಗೆ, ನಡುವಿನದು ಮಾವ ಹೋದ ಮೇಲೆ ಮಾರಿಹೋಗಿ ಈಗ ಯಾರದೋ ಬೀಗ. ಅಣ್ಣತಮ್ಮಂದಿರು ಇಬ್ಬರೂ ಹಿಂದುಮುಂದಾಗಿ ಹೋದರು, ಮಕ್ಕಳು ನಮ್ಮಿಬ್ಬರಿಗೂ ಇಲ್ಲ, ಎರಡು ಜಡೆ ಒಂದು ಕಡೆ ಇರಲ್ಲ ಅನ್ನುತ್ತಿದ್ದ ಬೀದಿಯವರು ಜಡೆ ಎರಡೂ ಬೆಳ್ಳಗಾಗಿ ಇಲಿಬಾಲವಾಗುವ ತನಕ ನಮ್ಮನ್ನು ನೋಡುತ್ತಲೇ ಇದ್ದರು, ಜಗಳ ಸಿಗಲಿ ಅಂತ. ಸಿಗುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗಕ್ಕೆ, ಮೆಟ್ಟಿಲು ಗುಡಿಸುವುದಕ್ಕೆ, ಬಾಗಿಲು ಧಡಾರೆಂದು ಹಾಕಿದ್ದಕ್ಕೆ, ಮತ್ತೆ ಪ್ರತಿ ಬೇಸಿಗೆಯಲ್ಲೂ ಒಂದು ಸಲವಾದರೂ ಆ ಮಾತು, ಕೆಳಗಿನ ಮನೆಯ ತಂಪು ನಿನ್ನ ಪಾಲಿಗೆ ಬಂತು ಪುಟ್ಟಿ, ಹಾಯಾಗಿರು — ನಗುತ್ತಲೇ ಹೇಳುವಳು, ಆದರೆ ಮುಳ್ಳು ನಗುತ್ತಾ ಚುಚ್ಚಿದರೂ ಮುಳ್ಳೇ. ಪಾಲು ಮಾಡುವಾಗ ಮೇಲಿನದೇ ಬೇಕು ಅಂದವಳು ಅವಳು, ನಂಗೆ ಬೆಳಕು ಬೇಕು ಅಂದಿದ್ದಳು, ಅದೂ ನಿಜವೇ, ಸ್ಟುಡಿಯೋದವರಿಗೆ ಫೋಟೋಗಳಿಗೆ ಬಣ್ಣ ಹಾಕಿಕೊಡುವ ಕೆಲಸ ಅವಳದು, ಕಪ್ಪು-ಬಿಳುಪು ಫೋಟೋ ಬರುತ್ತಿತ್ತು, ಮೇಲಿನ ಕಿಟಕಿಯ ಹತ್ತಿರ ಮೇಜಿಟ್ಟುಕೊಂಡು ಕಡ್ಡಿಗೆ ಹತ್ತಿ ಸುತ್ತಿ ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಹಿಂದಿನ ಪರದೆಗೆ ಆಕಾಶದ ನೀಲಿ, ಸತ್ತವರ ಫೋಟೋ ಬಂದರೆ ಮಾತ್ರ ಕೆನ್ನೆಗೆ ಸ್ವಲ್ಪ ಹೆಚ್ಚು ಬಣ್ಣ ಹಾಕುವಳು, ಪಾಪ, ಬಿಸಿಲಲ್ಲಿ ನಡೆದು ಬಂದಂಗಿರ್ಲಿ ಅನ್ನುವಳು.

ಬಿಸಿಲಲ್ಲಿ ನಡೆದು ಬಂದ ಹಾಗೆ. ದರ್ಜಿಯವರು ಕಣ್ಣು ಬಿಟ್ಟರು, ನೀರು ಬೇಕಾ ಅಂದರೆ ಬೇಡ ಅನ್ನುತ್ತಾರೆ, ಬೇಕಾ ಅಂತ ಕೇಳಲೇಬಾರದು, ಡಾಕ್ಟರಮ್ಮ ಮೊದಲ ದಿನವೇ ಹೇಳಿದರು, ವಯಸ್ಸಾದವರಿಗೆ ಬಾಯಾರಿಕೆ ಗೊತ್ತೇ ಆಗಲ್ಲ ಅಮ್ಮ, ಬಾಯಾರಲಿ ಅಂತ ಕಾದ್ರೆ ಕೆಟ್ವಿ, ಲೋಟ ಕೈಗೆ ಕೊಟ್ಟುಬಿಡಿ — ಕೈಗೆ ಕೊಟ್ಟೆ, ಕುಡಿದರು, ಗಂಟಲ ಮಣಿ ಮೇಲೆ ಹೋಯಿತು ಕೆಳಗೆ ಬಂತು, ಹೊರಗೆ ಬೀದಿಯಲ್ಲಿ ಪ್ರವಾಸಿಗಳು ಕೊಡೆ ಹಿಡಿದುಕೊಂಡು ಗೋಡೆಗಳ ಫೋಟೋ ತೆಗೆಯುತ್ತಿದ್ದಾರೆ, ಪಾರಂಪರಿಕ ಪೇಟೆ ಅಂತ ಫಲಕ ನೆಟ್ಟ ಮೇಲೆ ಕಿಟಕಿ ಬದಲಾಯಿಸುವ ಹಾಗಿಲ್ಲ, ಗೋಡೆಯ ಮೇಲೆ ಎಸಿ ಡಬ್ಬ ತೂಗುಹಾಕುವ ಹಾಗಿಲ್ಲ, ಅಂದ ಕೆಡುತ್ತದಂತೆ, ಇದ್ದ ಮರಗಳನ್ನು ಕಡಿದು ನೆಲಕ್ಕೆಲ್ಲ ಕಲ್ಲು ಹಾಸಿದರು, ಆ ಕಲ್ಲು ಹಗಲೆಲ್ಲ ಬಿಸಿಲು ನುಂಗಿ ಸಂಜೆಯ ಮೇಲೆ ನಮ್ಮ ಮೇಲೆ ಕಕ್ಕುತ್ತದೆ. ಗೋಡೆಗೆ ನೂರಾರು ವರ್ಷ ಆಯ್ತು ಅಂತ ಮರ್ಯಾದೆ ಕೊಡ್ತಾರೆ ಕಣೇ, ನಂಗೂ ಎಂಬತ್ತಾಗ್ತಾ ಬಂತು, ಒಬ್ಬನಾದ್ರೂ ನನ್ನ ಮುಂದೆ ಟೋಪಿ ತೆಗೆದಿದಾನಾ, ಅಂದಿದ್ದಳು ಅಕ್ಕ. ನಾನು ಕೆಳಗೆ ಬನ್ನಿ ಅಕ್ಕ ಅಂದೆ, ಈ ಸಲದ ಬಿಸಿಲು ಬೇರೆ ಥರ ಇದೆ, ತಗಡಿನ ಕೆಳಗೆ ಹೆಂಚಿನ ಮೇಲೆ ಕೂತ ಹಾಗಾಗುತ್ತದೆ, ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಸುತ್ತದೆ. ನಾನು ಹುಟ್ಟಿದ್ದೇ ಬೇಸಿಗೇಲಿ, ಬೇಸಿಗೆ ನನ್ನನ್ನೇನೂ ಮಾಡಲ್ಲ ಅಂದಳು. ಲೈಬ್ರರಿಗಾದರೂ ಬನ್ನಿ ಅಂದೆ. ಅಲ್ಲಿ ಬರೀ ಮುದುಕರಂತೆ, ನಂಗೆ ಅವರ ಸಹವಾಸ ಆಗಿಬರಲ್ಲ ಅಂದಳು. ಹಠಕ್ಕೆ ಬಿದ್ದರೆ ಅವಳನ್ನು ಎತ್ತುವವರು ಹುಟ್ಟಿರಲಿಲ್ಲ, ಆದರೂ ದಿನಾ ಬೆಳಿಗ್ಗೆ ಎಲ್ಲರಿಗೂ ಮಾಡಿದ ಮೇಲೆ ಕೊನೆಯ ಫೋನು ಮೇಲ್ಮಹಡಿಗೆ, ಒಂದೇ ಮನೆಯೊಳಗೆ ಕೆಳಗಿನಿಂದ ಮೇಲಕ್ಕೆ ಫೋನು, ಹಲೋ ಅಂದರೆ ಯಾರು ಅನ್ನುವಳು, ಗೊತ್ತಿದ್ದೂ, ನಾನೇ ಅಕ್ಕ ಅಂದರೆ ಯಾವ ನಾನೇ, ಪ್ರಪಂಚದಲ್ಲಿ ಎಲ್ಲರೂ ನಾನೇನೇ ಅನ್ನುವಳು, ಸರಿ, ಜೀವವಿದೆ, ಇವತ್ತಿಗೆ ಅಡ್ಡಿಯಿಲ್ಲ ಅಂತ ಇಟ್ಟುಬಿಡುತ್ತಿದ್ದೆ.

ಆಮೇಲೆ ಆ ದಿನ, ಸಾಯುವ ದಿನ ಅಲ್ಲ, ಅದಕ್ಕೂ ಮೊದಲಿನದು, ಎಷ್ಟೋ ಹೊತ್ತು ಗಂಟೆ ಬಾರಿಸಿದ ಮೇಲೆ ಎತ್ತಿ, ಯಾರು ಅನ್ನಲಿಲ್ಲ. ಕೆನ್ನೆ ಬಣ್ಣ ಇನ್ನೂ ಒಣಗಿಲ್ಲ ಸಾರ್, ನಾಳೆ ಬನ್ನಿ ಅಂದಳು. ಮೆತ್ತಗೆ, ಬಹಳ ಮರ್ಯಾದೆಯಿಂದ, ಸ್ಟುಡಿಯೋದವರ ಜೊತೆ ಮಾತಾಡುವ ದನಿಯಲ್ಲಿ, ಆ ಸ್ಟುಡಿಯೋ ಮುಚ್ಚಿಹೋಗಿ ಎಷ್ಟು ಕಾಲವಾಯಿತೋ. ಅಕ್ಕ ನಾನು ಪುಟ್ಟಿ ಅಂದೆ. ಮಗೂದು ಬಣ್ಣ ಮಾತ್ರ ಹಿಡೀತಾನೇ ಇಲ್ಲ ಸಾರ್ ಅಂದಳು — ನನ್ನ ಬೆನ್ನಿನಲ್ಲಿ ಬೆವರೇ ಆರಿಹೋಯಿತು, ರಿಸೀವರು ನೇತಾಡಿಕೊಂಡಿತ್ತು, ಮೆಟ್ಟಿಲು ಹತ್ತಿದ್ದು ನೆನಪಿಲ್ಲ, ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಹೊಡೆದ ಬಿಸಿ ಮಾತ್ರ ನೆನಪಿದೆ, ಮೇಜಿನ ಮುಂದೆ ನೆಟ್ಟಗೆ ಕೂತಿದ್ದಳು, ಎದುರಿಗೆ ಏನೂ ಇಲ್ಲ, ಖಾಲಿ ಮೇಜು, ಅದರ ಮೇಲೆ ಬೆರಳಾಡಿಸುತ್ತಿದ್ದಳು, ಹಣೆ ಮುಟ್ಟಿದರೆ ಒಣ ಒಣ, ಬೆವರಿನ ಪಸೆಯಿಲ್ಲ, ಕೆಂಡ. ಕಿಟಕಿಯಿಂದ ಕೂಗಿದೆ, ಬೀದಿಯಾಚೆಯ ಲೈಬ್ರರಿಯಿಂದ ಡಾಕ್ಟರಮ್ಮ ಓಡಿ ಬಂದರು, ದರ್ಜಿಯವರು ತಮ್ಮ ಎಂಬತ್ತರ ಮೊಣಕಾಲು ಹೊತ್ತುಕೊಂಡು ಬಂದರು, ಬೀದಿಯಲ್ಲಿ ಫೋಟೋ ತೆಗೆಯುತ್ತಿದ್ದ ಇಬ್ಬರು ಪ್ರವಾಸಿಗಳನ್ನು ಕೈಹಿಡಿದು ಎಳೆದು ತಂದರು, ಕುರ್ಚಿ ಸಮೇತ ಎತ್ತಿ ಕೆಳಗಿಳಿಸಿದೆವು, ನನ್ನ ಕೋಣೆಯ ನೆಲದ ಮೇಲೆ ಮಲಗಿಸಿ ಕೊರಳಿಗೆ ಕಂಕುಳಿಗೆ ತೊಡೆಸಂದಿಗೆ ಒದ್ದೆ ಬಟ್ಟೆ, ಬಟ್ಟೆ ಕಾಯುತ್ತಿತ್ತು, ಬದಲಾಯಿಸು, ಮತ್ತೆ ಕಾಯುತ್ತಿತ್ತು, ಡಾಕ್ಟರಮ್ಮ ಕೈಗೆ ಸೂಜಿ ಹಾಕಿ ಬಾಟಲಿ ಹಿಡಿದುಕೊಂಡೇ ಕೂತಿದ್ದರು. ಸಂಜೆಯ ಹೊತ್ತಿಗೆ ಕಣ್ಣು ತಿರುಗಿ ನನ್ನ ಮೇಲೆ ನಿಂತಿತು. ನಿನ್ನ ಮನೆ ಸೂರಿನ ತುಂಬ ಜೇಡರಬಲೆ, ಕೆಳಗಿನಿಂದ ನೋಡಿದ್ರೆ ಗೊತ್ತಾಗತ್ತೆ ಅಂದಳು. ನಾನು ಹೊರಗೆ ಹೋಗಿ ಅತ್ತು ಬಂದೆ.

ಅದಾದ ಮೇಲೆ ಮೇಲಕ್ಕೆ ಹೋಗುತ್ತೇನೆ ಅನ್ನಲಿಲ್ಲ. ಮಂಚ ಬಂತು, ಅವಳ ದಿಂಬು ಬಂತು, ಅವಳ ಗೊರಕೆ ಬಂತು. ಹೊತ್ತೇರಿದರೆ ಪ್ಲಾಸ್ಟಿಕ್ ಟಬ್ಬಿನಲ್ಲಿ ತಣ್ಣೀರು ತುಂಬಿ ಇಬ್ಬರೂ ಎದುರುಬದುರು ಕೂತು ಕಾಲಿಳಿಸುವುದು, ಒಂದೇ ಟಬ್ಬು, ನಾಲ್ಕು ಕಾಲು, ಅವಳ ಹೆಬ್ಬೆರಳು ಸೊಟ್ಟ, ನನ್ನ ಹಿಮ್ಮಡಿ ಒಡೆದದ್ದು, ನಿನ್ನ ಕಾಲು ನನ್ನ ಕಡೆ ಬರ್ತಿದೆ ನೋಡು, ನೀರಿಗೂ ಪಾಲು ಮಾಡ್ಬೇಕಾ ಅನ್ನುವಳು, ನಾನು ಕಾಲು ತೆಗೆಯುತ್ತಿರಲಿಲ್ಲ, ಅವಳೂ ತೆಗೆಯುತ್ತಿರಲಿಲ್ಲ. ಲೈಬ್ರರಿಗೂ ಬಂದಳು, ಮೊದಲು ಬಾಗಿಲ ಹತ್ತಿರದ ಕುರ್ಚಿ, ಯಾವಾಗ ಬೇಕಾದರೂ ಎದ್ದುಹೋಗುವವಳ ಹಾಗೆ, ಆಮೇಲೆ ನಡುವಿನ ಕುರ್ಚಿ, ಆಮೇಲೆ ಯಾರು ಎಲ್ಲಿ ಕೂರಬೇಕು ಅಂತ ಅವಳೇ ಹೇಳುವುದು, ದರ್ಜಿಯವರೇ, ಆ ಅಂಗಿ ಹೊಲಿದಿದ್ದು ನೀವೇನಾ, ತೋಳು ಒಂದು ಉದ್ದ ಒಂದು ಗಿಡ್ಡ ಇದೆಯಲ್ಲ ಅಂದರೆ, ಅವರು, ಅಂಗಿ ಸರಿಯಾಗಿದೆ ಅಮ್ಮಾವ್ರೇ, ತೋಳೇ ವಯಸ್ಸಿಗೆ ಗಿಡ್ಡ ಆಗಿದೆ ಅಂದರು, ಇಡೀ ಹಜಾರ ನಕ್ಕಿತು, ನೀರು ಬೇಡ ಅನ್ನುವವರೂ ನಗುತ್ತಾ ಕುಡಿದರು, ಡಾಕ್ಟರಮ್ಮ ನನ್ನ ಕಿವಿಯಲ್ಲಿ ಇವರನ್ನ ಮೊದಲೇ ಕರ್ಕೊಂಡು ಬರ್ಬೇಕಿತ್ತಲ್ಲಮ್ಮ ಅಂದರು. ಮತ್ತೆ ಒಂದು ಮಧ್ಯಾಹ್ನ, ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತಾಗ, ನಾನೇ ಕೆಣಕಿದೆ, ಕೊನೆಗೂ ಕೆಳಗಿನ ಮನೆಯ ತಂಪು ನಿಮಗೂ ಸಿಕ್ಕಿತಲ್ಲ ಅಕ್ಕ, ಬೆಳಕು ಬೆಳಕು ಅಂತ ಮೇಲೆ ಹೋಗಿ ಕೂತಿದ್ರಿ. ಅವಳು ನೀರಿನಲ್ಲಿ ಬೆರಳು ಆಡಿಸುತ್ತಾ, ತಲೆಯನ್ನೂ ಎತ್ತದೆ, ಬೆಳಕಿಗೆ ಇಲ್ಲೇ ಹಿತ್ತಿಲ ಕಿಟಕಿ ಸಾಕಾಗಿತ್ತು, ಅತ್ತೆ ಕೆಳಗಿಂದು ದೊಡ್ಡೋರು ತಗೊಳ್ಳಿ ಅಂದ್ರು, ನೀನು ಆಗ ತಾನೇ ಆಸ್ಪತ್ರೆಯಿಂದ ಬರಿಗೈಲಿ ಬಂದಿದ್ದೆ, ಗೋಡೆ ಹಿಡ್ಕೊಂಡು ನಡೀತಿದ್ದೆ, ಅಷ್ಟು ಮೆಟ್ಟಿಲು ನೀನು ಹತ್ತೋಳಾ, ಅದಕ್ಕೆ ಬೆಳಕು ಅಂದೆ, ಅಂದಳು. ಅಷ್ಟೇ. ಆಮೇಲೆ ನೀರು ಬೆಚ್ಚಗಾಯ್ತು, ಬದಲಾಯಿಸು ಅಂದಳು. ನಾನು ಬದಲಾಯಿಸಲಿಲ್ಲ, ಏಳಲಾಗಲಿಲ್ಲ, ಬೆಚ್ಚಗಿನ ನೀರಿನಲ್ಲೇ ಕೂತಿದ್ದೆ, ಆ ಮಗುವಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ, ನನ್ನ ಗಂಡನೂ ಎತ್ತದೇ ಹೋದ, ಎಲ್ಲರೂ ಮರೆತರು ಅಂದುಕೊಂಡಿದ್ದೆ, ಒಬ್ಬಳು ಅದನ್ನು ತಗಡಿನ ಕೆಳಗೆ ಇಟ್ಟುಕೊಂಡು ಒಂದು ಜನ್ಮ ಪೂರ್ತಿ ಬೆಂದಿದ್ದಳು, ಪ್ರತಿ ಬೇಸಿಗೆಯಲ್ಲೂ ತಂಪು ನಿನ್ನ ಪಾಲಿಗೆ ಬಂತು ಅಂತ ನಕ್ಕಿದ್ದಳು, ಮುಳ್ಳು ಅಂದುಕೊಂಡಿದ್ದೆನಲ್ಲ ನಾನು.

ಏನು ಹೇಳಬೇಕಿತ್ತು ಆಗ, ಹೇಳಲು ಬೇಸಿಗೆ ಪೂರ್ತಿ ಇದೆಯಲ್ಲ ಅಂದುಕೊಂಡೆ. ಇರಲಿಲ್ಲ. ಲೈಬ್ರರಿಯ ಸೂರಿನ ದೊಡ್ಡ ಫ್ಯಾನು ಸುಟ್ಟ ವಾಸನೆ ಬಂದು ನಿಂತ ದಿನ ಅವಳು ಮನೆಯಲ್ಲೇ ಇದ್ದಳು, ಮಂಡಿ ನೋವು ಅಂದಿದ್ದಳು, ನಾನು ಊಟಕ್ಕೆ ಓಡಿ ಬಂದು ಇಬ್ಬರಿಗೂ ಬಡಿಸಿ ನಿಂತುಕೊಂಡೇ ತಿನ್ನುತ್ತಾ ಗೊಣಗಿದೆ, ರಿಪೇರಿಯವನು ನಾಳೆ ಬರ್ತಾನಂತೆ, ಇವತ್ತೆಲ್ಲ ರಟ್ಟಲ್ಲಿ ಬೀಸ್ಕೊಂಡಿರ್ಬೇಕು, ಪಾಪ ದರ್ಜಿಯವರಿಗೆ ಉಸಿರೇ ಸಿಗ್ತಿಲ್ಲ. ಉಪ್ಪು ಜಾಸ್ತಿ ಹಾಕಿದೀಯ ಇವತ್ತು ಅಂದಳು. ಹೌದು, ನೀವು ನೀರು ಕುಡೀಲಿ ಅಂತ ಅಂದೆ. ನಕ್ಕಳು, ಹಲ್ಲಿಲ್ಲದ ಕಡೆಯಿಂದ ಗಾಳಿ ಹೋಯಿತು, ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ, ತಿರುಗಿ ನೋಡಲಿಲ್ಲ, ಯಾಕೆ ನೋಡಬೇಕು, ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತವಳನ್ನು ಯಾರು ತಿರುಗಿ ನೋಡುತ್ತಾರೆ. ಬಿಸಿಲು ಇಳಿದ ಮೇಲೆ ಬಂದರೆ ಬಾಗಿಲು ತೆರೆದಿತ್ತು, ಟಬ್ಬಿನಲ್ಲಿ ನೀರು ಅಲುಗದೆ ನಿಂತಿತ್ತು, ಯಾರ ಕಾಲೂ ಇಲ್ಲ, ಅಕ್ಕ ಅಂದೆ, ಹಿತ್ತಿಲಲ್ಲಿ ಅಕ್ಕ ಅಂದೆ, ಮೆಟ್ಟಿಲ ಬುಡದಲ್ಲಿ ನಿಂತು ಕತ್ತೆತ್ತಿ ಅಕ್ಕ ಅಂದೆ, ಮೇಲಿನಿಂದ ಏನೋ ಸಣ್ಣ ಸದ್ದು, ಟಿಕ್ ಟಿಕ್ ಟಿಕ್ ಅಂತ, ತಗಡು ತಣಿಯುವ ಸದ್ದು ಅಂದುಕೊಂಡೆ, ಹತ್ತಿದೆ, ನಡುವಿನ ಬೀಗದ ಬಾಗಿಲು ದಾಟಿದೆ, ಮೆಟ್ಟಿಲು ತಿರುಗುವ ಜಾಗದಲ್ಲಿ, ಕಿಟಕಿಯ ಕೆಳಗೆ, ಗೋಡೆಗೆ ಒರಗಿ ಕೂತಿದ್ದಳು, ದಣಿವಾರಿಸಿಕೊಳ್ಳುವವಳ ಹಾಗೆ, ತೊಡೆಯ ಮೇಲೆ ಅವಳ ಟೇಬಲ್ ಫ್ಯಾನು, ಎರಡು ತೋಳಿನಲ್ಲೂ ಬಳಸಿ ಎದೆಗೆ ಒತ್ತಿ ಹಿಡಿದದ್ದು, ಹಸಿರು ಬಣ್ಣದ್ದು, ಭಾವ ಇದ್ದಾಗ ಕೊಂಡದ್ದು, ವೈರು ಬಿಚ್ಚಿಕೊಂಡು ಮೆಟ್ಟಿಲುಗಳ ಮೇಲೆ ಕೆಳಗಿಳಿದಿತ್ತು, ತುದಿಯ ಪ್ಲಗ್ಗು ನನ್ನ ಕಾಲಿಗೆ ಸಿಕ್ಕಿತು, ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು, ಆ ಗಾಳಿಗೆ ರೆಕ್ಕೆಗಳು ತಿರುಗುತ್ತಿದ್ದವು, ಅವಳ ತೊಡೆಯ ಮೇಲೆ, ನಿಧಾನವಾಗಿ, ಟಿಕ್ ಟಿಕ್ ಅಂತ. ಅದಕ್ಕೇ ಬದುಕಿದ್ದಾಳೆ ಅಂದುಕೊಂಡೆ. ತಿರುಗುತ್ತಿದ್ದದ್ದಕ್ಕೆ. ಇಲ್ಲಿ ಯಾಕೆ ಕೂತಿದ್ದೀರಿ ಅಕ್ಕ ಅಂದೆ, ಬಯ್ದೆ, ಯಾರು ನಿಮಗೆ ಹೊರೋಕೆ ಹೇಳಿದ್ದು ಅಂದೆ, ಭುಜ ಮುಟ್ಟಿದೆ, ಆಮೇಲೆ ನೀವು ಬಿದ್ದುಹೋಯಿತು, ಏಳೇ ಅಂದೆ, ಅಕ್ಕ ಏಳೇ, ನೀನು ಏಳೇ, ಹೊಟ್ಟೆಯೊಳಗಿದ್ದ ಏಕವಚನವೆಲ್ಲ ಆ ಮೆಟ್ಟಿಲ ಮೇಲೆ ಹೊರಗೆ ಬಂತು, ಯಾರೂ ನನ್ನನ್ನು ತಿದ್ದಲಿಲ್ಲ, ರೆಕ್ಕೆಗಳು ತಿರುಗುತ್ತಲೇ ಇದ್ದವು.

ಎದೆ ನಿಂತಿದೆ ಅಮ್ಮ, ನೋವು ಗೊತ್ತಾಗಿರಲ್ಲ ಅಂದರು ಡಾಕ್ಟರಮ್ಮ, ಆ ಮಾತು ನಿಜವೋ ನನಗೆ ಕೊಟ್ಟ ತಣ್ಣೀರೋ ಗೊತ್ತಿಲ್ಲ, ಕೈಗೆ ಕೊಟ್ಟರು, ಕುಡಿದೆ. ಅವಳನ್ನು ಕಳಿಸಿ ಬಂದ ಮಾರನೆಯ ದಿನ ಫ್ಯಾನು ಅದೇ ತಿರುವಿನಲ್ಲಿತ್ತು, ಯಾರೋ ಗೋಡೆಯ ಕಡೆಗೆ ಮುಖ ಮಾಡಿ ಸರಿಸಿಟ್ಟಿದ್ದರು, ಅವಳು ಇಳಿಸಿದಷ್ಟು ಅವಳು ಇಳಿಸಿದ್ದಳು, ಉಳಿದ ಮೆಟ್ಟಿಲು ನಾನು ಇಳಿಸಿದೆ, ಭಾರ, ಇಷ್ಟು ಭಾರವನ್ನು ಆ ಮಂಡಿಯಲ್ಲಿ ಹೇಗೆ ಹೊತ್ತಳು, ಬೀದಿ ದಾಟಿ ಇಲ್ಲಿಗೆ ತಂದು ದರ್ಜಿಯವರ ಕುರ್ಚಿಯ ಎದುರಿನ ಸ್ಟೂಲಿನ ಮೇಲೆ ಇಟ್ಟು ಪ್ಲಗ್ಗು ಹಾಕಿದೆ. ಮೇಲಿನ ದೊಡ್ಡ ಫ್ಯಾನು ರಿಪೇರಿಯಾಗಿದೆ, ಆದರೂ ಇದನ್ನು ತೆಗೆಯಿರಿ ಅಂತ ಯಾರೂ ಅನ್ನುವುದಿಲ್ಲ, ಡಾಕ್ಟರಮ್ಮ ದಿನಾ ಒರೆಸುತ್ತಾರೆ, ದರ್ಜಿಯವರು ಮಾತ್ರ ಮೊದಲ ದಿನ ಅದರ ಗಾಳಿ ಮುಖಕ್ಕೆ ಬಡಿದಾಗ ಎದ್ದು ಹೋಗಿ ಗೋಡೆಯ ಕಡೆ ತಿರುಗಿ ನಿಂತರು, ನನಗೋಸ್ಕರ ಅಲ್ವಾ ಅಮ್ಮಾವ್ರೇ ಅಂದರು, ಅಲ್ಲ, ಎಲ್ಲರಿಗೋಸ್ಕರ ಅಂದೆ, ಬನ್ನಿ ಕೂತ್ಕೊಳ್ಳಿ, ನೀವು ಕೂರ್ದಿದ್ರೆ ಅವಳಿಗೆ ಕೋಪ ಬರತ್ತೆ, ಕೂತರು, ಈಗ ಅದರ ಮುಂದೆ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಮಾಡಲಿ. ನಾನು ಅದರ ಗಾಳಿಗೆ ಹೋಗುವುದಿಲ್ಲ, ಹಿಂದಿನಿಂದ ಸುತ್ತಿಕೊಂಡು ಓಡಾಡುತ್ತೇನೆ. ಬೆಳಿಗ್ಗೆ ಎಲ್ಲರಿಗೂ ಫೋನು ಮಾಡಿ ಮುಗಿಸಿದ ಮೇಲೆ ಬೆರಳು ತಾನಾಗಿ ಕೊನೆಯ ನಂಬರನ್ನೂ ಒತ್ತಿತು, ಮೇಲೆ ಗಂಟೆ ಬಾರಿಸುವುದು ಸೂರಿನ ಮೂಲಕ ಕೇಳಿಸಿತು, ಎಕ್ಸ್‌ಚೇಂಜಿನಲ್ಲಿ ಎತ್ತದ ಫೋನಿಗೆ ನಾವು ಹೇಳುತ್ತಿದ್ದದ್ದೇ ಬಾಯಿಗೆ ಬಂತು, ಪಾರ್ಟಿ ಉತ್ತರ ಕೊಡ್ತಿಲ್ಲ, ಆದರೂ ಇಡಲಿಲ್ಲ, ಲೈನಿನಲ್ಲೇ ಇದ್ದೆ.

ಹೊತ್ತಾಯಿತು, ಬಿಸಿಲು ಎದುರಿನ ಗೋಡೆಯ ನೆತ್ತಿಗೆ ಹೋಗಿದೆ, ಒಬ್ಬೊಬ್ಬರೇ ಏಳುತ್ತಿದ್ದಾರೆ, ಕೋಲು, ಚೀಲ, ನೀರಿನ ಬಾಟಲಿ, ಬರ್ತೀವಿ ಅಮ್ಮ, ಹೋಗ್ಬನ್ನಿ, ಮನೇಲಿ ಕಿಟಕಿ ಈಗಲೇ ತೆಗೀಬೇಡಿ, ತಣ್ಣನೆ ಗಾಳಿ ಬಂದ ಮೇಲೆ ತೆಗೀರಿ, ದರ್ಜಿಯವರ ಕೊರಳಿನ ಬಟ್ಟೆ ಬಿಚ್ಚಿ ಬಕೆಟ್ಟಿನ ಅಂಚಿಗೆ ಹರವಿದೆ, ನೀವೂ ಮನೆಗೆ ಹೋಗಿ ಅಮ್ಮಾವ್ರೇ ಅಂದರು, ಹೋಗ್ತೀನಿ ಅಂದೆ, ಡಾಕ್ಟರಮ್ಮ ಬೀಗ ನನ್ನ ಕೈಯಲ್ಲಿಟ್ಟು ಹೊರಟರು, ಖಾಲಿ ಕುರ್ಚಿಗಳು, ನೆಲದ ಮೇಲೆ ಒಣಗುತ್ತಿರುವ ಕಾಲಿನ ಗುರುತುಗಳು, ಮೇಲಿನ ಫ್ಯಾನು ಆರಿಸಿದೆ, ಇದರ ಸ್ವಿಚ್ಚೂ ಆರಿಸಿದೆ, ಪ್ಲಗ್ಗು ಕಿತ್ತೆ, ವೈರು ಸುತ್ತಬೇಕು, ಸುತ್ತಿ ಸ್ಟೂಲಿನ ಮೇಲೆ ಇಡಬೇಕು, ಬಾಗಿಲು ಹಾಕಬೇಕು, ಆಮೇಲೆ ಮನೆ, ಟಬ್ಬು, ಎರಡು ಮಂಚ — ರೆಕ್ಕೆಗಳು ನಿಧಾನವಾದವು, ಒಂದೊಂದಾಗಿ ಕಣ್ಣಿಗೆ ಕಾಣಿಸಿದವು, ನಿಲ್ಲುತ್ತವೆ ಈಗ, ಬಾಗಿಲು ಇನ್ನೂ ಮುಚ್ಚಿಲ್ಲ, ಬೀದಿಯ ಕಲ್ಲು ಕಕ್ಕಿದ ಗಾಳಿ ಒಳಗೆ ಬರುತ್ತಿದೆ, ಪ್ಲಗ್ಗು ನನ್ನ ಕೈಯಲ್ಲಿದೆ, ಎರಡೂ ಹಲ್ಲು ಅಂಗೈಗೆ ಒತ್ತುತ್ತಿವೆ, ನನ್ನ ಕೈಯಲ್ಲಿಯೇ ಇದೆ, ನಿಂತಿಲ್ಲ, ಟಿಕ್, ಬಾಗಿಲು ಮುಚ್ಚಬೇಕು, ಮುಚ್ಚಿದರೆ ನಿಲ್ಲುತ್ತವೆ, ಟಿಕ್, ಮುಚ್ಚಲಾರೆ, ಯಾರ ಕೈಯೂ ಇಲ್ಲ, ಕರೆಂಟಿಲ್ಲ, ಹಸಿರು ಜಾಲರಿಯ ಒಳಗೆ ರೆಕ್ಕೆಗಳು ತಿರುಗುತ್ತಿವೆ, ತಿರುಗುತ್ತಿವೆ